ಶಮೀಮಕ್ಕ ಅಳಿಸದ ಚುಕ್ಕೆ

ಶಮೀಮಕ್ಕ ಕೋಡ್ ಬರೆಯಲು ಕುಳಿತರೆಂದರೆ ಕಂಪ್ಯೂಟರಿನ ಜೊತೆ ಜಗಳ ಶುರುವಾಯಿತೆಂದೇ ಅರ್ಥ. “ಏನಾತೋ ನಿನಗ? ಬ್ರ್ಯಾಕೆಟ್ ಮುಚ್ಚೇನಲ್ಲ, ಮತ್ಯಾಕ ಕೆಂಪಗಾಗ್ತಿ?” ಕೊಪ್ಪಳದ ನಮ್ಮ ನೀರು ಪರೀಕ್ಷೆಯ ಲ್ಯಾಬಿನ ಹೊರಗೆ ಕಾಯುತ್ತಿದ್ದವರು ಒಳಗೆ ಯಾರಿಗೋ ಬೈಗುಳ ಬೀಳುತ್ತಿದೆ ಎಂದುಕೊಳ್ಳುತ್ತಿದ್ದರು.

ಅಂಕಿಗಳನ್ನು ಚಿತ್ರವಾಗಿ ತೋರಿಸುವ ಬಾಕ್ಸ್ ಪ್ಲಾಟ್ ನನಗೆ ಕಲಿಸಿದವರು ಅವರೇ. ನಡುವಿನ ಅಂಕಿಗಳು ಡಬ್ಬಿಯೊಳಗೆ, ಆಚೀಚೆ ಎರಡು ಮೀಸೆ, ತೀರಾ ದೂರ ಹೋದದ್ದು ಒಂಟಿ ಚುಕ್ಕೆ. ಅಂಕಿ ಇರುವ ಒಂದೊಂದು ಕಾಲಮ್ಮಿಗೂ ಒಂದೊಂದು ಡಬ್ಬಿ ಬರುವಂತೆ ಲೂಪ್ ಹಾಕು ಎಂದರು. ನಾನು ಹುರುಪಿನಲ್ಲಿ, ಬರೀ ಗುರುತಿಗೆಂದು ಇರುವ ಬೋರ್‌ವೆಲ್ ನಂಬರಿಗೂ ಡಬ್ಬಿ ಕಟ್ಟಿಬಿಟ್ಟೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. “ನಾಳಿ ನನ್ನ ಆಧಾರ್ ನಂಬರಿಗೂ ಡಬ್ಬಿ ಕಟ್ತಿ ನೀ!” ಈಗ ಲ್ಯಾಬಿನಲ್ಲಿ ಹಾಗೆ ನಗುವವರು ಯಾರೂ ಇಲ್ಲ.

ಒಮ್ಮೆ, ಹೆಚ್ಚಾದರೆ ಹಲ್ಲು ಮೂಳೆ ಕೆಡಿಸುವ ಫ್ಲೋರೈಡಿನ ಡಬ್ಬಿಯ ಮೇಲೆ, ಬಹಳ ಎತ್ತರದಲ್ಲಿ, ಒಂದು ಚುಕ್ಕೆ ಕಂಡಿತು. ಬೇವೂರು ಕಡೆಯ ಒಂದು ಬೋರ್‌ವೆಲ್. ಬಾಟಲಿ ಅದಲುಬದಲಾಗಿರಬೇಕೆಂದು ಅಕ್ಕ ತಾವೇ ಬಸ್ ಹತ್ತಿ ಹೋಗಿ ಹೊಸ ಸ್ಯಾಂಪಲ್ ತಂದರು. ಚುಕ್ಕೆ ಇದ್ದಲ್ಲೇ ಇತ್ತು. ಮೇಲಾಗಿ, ಗೊತ್ತಿದ್ದೂ ಗೊತ್ತಿದ್ದೂ ಆ ನೀರು ಕುಡಿದು ಬಂದಿದ್ದರು! ಯಾಕಕ್ಕಾ ಎಂದು ಕೇಳಿದೆ.

“ಕಲ್ಲವ್ವ ಅನ್ನಾಕಿ ಚರಿಗಿ ತುಂಬ ತಂದು ಕೈಯಾಗ ಕೊಟ್ಲು. ಬಂದವರಿಗೆ ಕೊಟ್ಟ ನೀರು ಒಲ್ಲೆ ಅಂತ ಹೆಂಗ ಅನ್ಲಿ? ಕುಡದೆ. ಆಕಿ ದಿನಾ ಅದನ್ನ ಕುಡೀತಾಳ. ಮೊಮ್ಮಕ್ಕಳೂ ಕುಡೀತಾವ.”

ವರದಿ ಕಳಿಸುವ ದಿನ ನಮ್ಮ ಲ್ಯಾಬಿನ ಸಾಹೇಬರು, “ಆ ಚುಕ್ಕಿ ತಗೀರಿ, ಚಿತ್ರಾನ ಕೆಡಸ್ತೈತಿ” ಎಂದರು. ಅಕ್ಕ ಕೋಡಿಗೆ ಒಂದು ಸಾಲು ಸೇರಿಸಿ ಮೌಸನ್ನು ಅವರ ಕೈಗೆ ಕೊಟ್ಟರು. ಬಾಣ ಚುಕ್ಕೆಯ ಮೇಲೆ ಹೋದದ್ದೇ ತಡ, ‘ಕಲ್ಲವ್ವನ ಓಣಿ’ ಎಂದು ಮೂಡಿತು.

“ಈಗ ಅಳಸ್ರಿ ಸರ.”

ಸಾಹೇಬರು ಮೌಸ್ ಬಿಟ್ಟರು. ಚುಕ್ಕೆಯ ಸಮೇತ ವರದಿ ಹೋಯಿತು.

ಆ ಓಣಿಗೆ ಬೇರೆ ನೀರು ಬರುವುದನ್ನೇ ಅಕ್ಕ ಕಾಯುತ್ತಿದ್ದರು. ಬೆಳಗ್ಗೆ ಬಂದವರೇ, “ಬೇವೂರು ಕಡಿಂದ ಏನರ ಸುದ್ದಿ ಐತೇನು?” ಎನ್ನುತ್ತಿದ್ದರು. ಹೋದ ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಅವರಿಲ್ಲದ ಲ್ಯಾಬಿಗೆ ಹೋಗುವುದೇ ಬೇಡವೆನ್ನಿಸುತ್ತಿತ್ತು. ಈಗಲೂ ಎಷ್ಟೋ ಸಲ ಹಾಗೆಯೇ ಅನ್ನಿಸುತ್ತದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಓಣಿಗೆ ಹೊಸ ನಳ ಬಂತು. ಅದರ ನೀರನ್ನು ಪರೀಕ್ಷಿಸಿದರೆ ಅಂಕಿ ಡಬ್ಬಿಯೊಳಗೆ ಬಂದು ಕೂತಿತು. ಸುದ್ದಿ ಹೇಳಲು ನಾನೇ ಕಲ್ಲವ್ವನ ಮನೆಗೆ ಹೋದೆ. ಆಕೆ ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು.

“ಆ ಅಕ್ಕಾರು ಬರ್ಲಿಲ್ಲೇನ್ರಿ? ನೀರು ಈಗ ಛಲೋ ಅದಾವ ಅಂತ ಅವರಿಗೆ ಹೇಳ್ರಿ.”

“ಹೇಳ್ತೀನ್ರಿ” ಎಂದೆ.