ನಾಲ್ಕು ಪುಟದ ನದಿ

ಜರ್ಮನಿಯ ರೇಗನ್ಸ್‌ಬರ್ಗ್‌ನಲ್ಲಿ ನಾಲ್ಕನೇ ತರಗತಿ ಓದುವ ಮಕ್ಕಳ ತಾಯಂದಿರಿಗೆ ನಿದ್ದೆ ಇರುವುದಿಲ್ಲ. ಮಗು ಗಿಮ್ನಾಸಿಯಂ ಎಂಬ ಮೇಲ್ಮಟ್ಟದ ಶಾಲೆ ಸೇರಿ ಮುಂದೆ ವಿಶ್ವವಿದ್ಯಾಲಯದ ದಾರಿ ಹಿಡಿಯುತ್ತದೋ ಇಲ್ಲವೋ ಎಂಬುದು ಆ ವರ್ಷದ ಅಂಕಗಳ ಮೇಲೆಯೇ ನಿಂತಿರುತ್ತದೆ. ಹತ್ತು ವರ್ಷದ ಕೂಸಿನ ಹಣೆಬರಹ ಬರೆಯಲು ಇವರಿಗೆ ಅಷ್ಟು ಅವಸರವೇನು ಎಂದು ಗಂಡನ ಮುಂದೆ ಎಷ್ಟು ಸಲ ಕೂಗಾಡಿದ್ದೇನೋ. ಇಲ್ಲಿ ಒಂದು ಅಂದರೆ ಎಲ್ಲಕ್ಕಿಂತ ಒಳ್ಳೆಯ ಅಂಕ, ಆರು ಅಂದರೆ ನಪಾಸು. ನನ್ನ ಮಗಳು ಅಂಚಿನ ಮೇಲಿದ್ದಳು. ಉಳಿದದ್ದು ಒಂದು ರೆಫರಾಟ್, ಅಂದರೆ ತರಗತಿಯ ಮುಂದೆ ನಿಂತು ಒಂದು ವಿಷಯ ಹೇಳುವುದು. ಅದರಲ್ಲಿ ಎರಡು ಬಂದರೆ ದಾಟುತ್ತಿದ್ದಳು.

ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಮಧ್ಯ ಅಮೆರಿಕದ ಸ್ಯಾನ್ ಹ್ವಾನ್ ನದಿ. ನಾನು ಕುಣಿದಾಡುವುದೊಂದು ಬಾಕಿ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಭೂಗೋಳ ಕಲಿಸಿದವಳು ನಾನು. ಇಲ್ಲಿಗೆ ಬಂದ ಮೇಲೆ ನನ್ನ ಬಿ.ಎಡ್. ಪದವಿಯನ್ನು ಕೇಳುವವರಿಲ್ಲ. ಕಚೇರಿಗಳಲ್ಲಿ ನಾನು ಗಂಡನ ಕಾಗದಪತ್ರದಲ್ಲಿರುವ ಇನ್ನೊಂದು ಹೆಸರು, ಅಷ್ಟೇ. ಈ ನದಿ ನನಗಾಗಿಯೇ ಬಂತು ಎಂದುಕೊಂಡೆ.

ಹೇಳಲು ಎಷ್ಟಿತ್ತು ಅಂತೀರಿ. ನಿಕರಾಗುವಾದ ದೊಡ್ಡ ಸರೋವರದಿಂದ ಹೊರಡುವ ನದಿ ಅದು. ಸರೋವರಕ್ಕೂ ಪೆಸಿಫಿಕ್ ಸಾಗರಕ್ಕೂ ನಡುವೆ ಕಿರಿದಾದೊಂದು ನೆಲದ ಪಟ್ಟಿ ಮಾತ್ರ. ಆದರೂ ನೀರು ಆ ಕಡೆ ಹೋಗದೆ, ಕಾಡು ಹಾದು, ಕೋಸ್ಟರಿಕಾದ ಗಡಿ ಹಿಡಿದು, ದೂರದ ಕೆರಿಬಿಯನ್ ಸಮುದ್ರ ಸೇರುತ್ತದೆ. ಕಡಲ್ಗಳ್ಳರು ಈ ನದಿ ಹಿಡಿದೇ ಒಳಗೆ ಬಂದು ಊರು ಸುಲಿದರು. ಅವರನ್ನು ತಡೆಯಲು ಸ್ಪೇನಿನವರು ನೀರಿನ ಸೆಳೆತ ಹೆಚ್ಚಿರುವ ಕಡೆ ದಂಡೆಯ ಮೇಲೆ ಕೋಟೆ ಕಟ್ಟಿದರು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಾಗ ನ್ಯೂಯಾರ್ಕಿನ ಕಡೆಯ ಜನ ಇಲ್ಲೇ ದೋಣಿ ಹತ್ತಿ, ಸರೋವರ ದಾಟಿ ಆಚೆ ಕಡಲಿಗೆ ಹೋದರು. ಎರಡು ಸಾಗರ ಕೂಡಿಸುವ ಕಾಲುವೆ ಇಲ್ಲೇ ಆಗುತ್ತದೆ ಎಂದು ಎಷ್ಟೋ ಕಾಲ ಮಾತು ನಡೆಯಿತು. ಕೊನೆಗೆ ಕಾಲುವೆ ಪನಾಮಾದ ಪಾಲಾಯಿತು.

ಇದೆಲ್ಲ ಇಂಗ್ಲಿಷಿನಲ್ಲಿ ಬರೆದು, ಫೋನಿನಲ್ಲಿ ಜರ್ಮನ್ ಮಾಡಿಕೊಂಡು, ನಾಲ್ಕು ಪುಟ ಪ್ರಿಂಟ್ ತೆಗೆದೆ. ಎರಡು ವಾರ ಬಾಯಿಪಾಠ. ಊಟದ ತಟ್ಟೆಯ ಮುಂದೆ, ಜಡೆ ಹಾಕುವಾಗ, ಬಸ್ಸಿನಲ್ಲಿ. ಹುಬ್ಬಳ್ಳಿಯಲ್ಲಿ ಭಾಷಣ ಸ್ಪರ್ಧೆಗೆ ಹೀಗೇ ತಯಾರಿ ಮಾಡಿಸಿ ಮಕ್ಕಳಿಗೆ ಬಹುಮಾನ ಕೊಡಿಸಿದ್ದೆ.

ಒಂದು ಸಂಜೆ ಮಗಳು ತಾನೇ ಬರೆದ ಹಾಳೆ ತಂದಳು. ಮೇಲೊಂದು ಶಾರ್ಕಿನ ಚಿತ್ರ.

“ಮಮ್ಮಿ, ಸಮುದ್ರದಾಗಿನ ಶಾರ್ಕ್ ಈ ನದಿಯೊಳಗ ಈಜಿಕೋತ ಸರೋವರದತನಕಾ ಬರ್ತಾವಂತ. ಸಿಹಿನೀರಿನ್ಯಾಗ. ಇದನ್ನ ಹೇಳ್ಲಿ?”

“ಮೀನಿನ ಕಥಿ ಬ್ಯಾಡ. ನಾ ಬರದದ್ದು ಬಿಟ್ಟು ಒಂದಕ್ಷರ ಆಚೀಚೆ ಹೋಗಬ್ಯಾಡ ನೋಡು, ಎಡವಟ್ಟಾದೀತು.”

“ಆಕಿದು ಆಕಿ ಹೇಳ್ಲಿ ಬಿಡು,” ಎಂದರು ನನ್ನ ಗಂಡ.

“ನಿಮಗ ತಿಳಿಯಂಗಿಲ್ಲ, ಸುಮ್ಮನಿರ್ರಿ.”

ಮಗಳು ಹಾಳೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡಳು.

ರೆಫರಾಟ್ ಮುಗಿದ ಮರುವಾರ ಟೀಚರ್ ನನ್ನನ್ನು ಕರೆಸಿದರು. ಅಂಕ ನಾಲ್ಕು. ಹರಕು ಜರ್ಮನ್‌ನಲ್ಲಿ ಯಾಕೆ ಎಂದು ಕೇಳಿದೆ. ನನಗೆ ತಿಳಿಯಲೆಂದು ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮಗು ಒಂದೇ ಉಸಿರಿಗೆ ಎಲ್ಲ ಒಪ್ಪಿಸಿತು, ಆದರೆ ಅದು ಮಗುವಿನ ಮಾತಾಗಿರಲಿಲ್ಲ. ಅಂಕ ಇರುವುದು ಸ್ವಂತ ಮಾತಿಗೆ. ಇನ್ನೊಂದು ಅವಕಾಶ ಕೊಡೋಣವೆಂದು, ಆ ನದಿಯಲ್ಲಿ ಯಾವ ಪ್ರಾಣಿಗಳಿವೆ ಎಂದು ತಾವೇ ಕೇಳಿದರಂತೆ. ಮಗು ಬಾಯಿ ತೆರೆಯಲಿಲ್ಲವಂತೆ.

ನಾನು ನಾಚಿಕೆ ಬಿಟ್ಟು ಬೇಡಿಕೊಂಡೆ. ಬರೆದವಳು ನಾನು, ತಪ್ಪು ನನ್ನದು, ಇನ್ನೊಂದು ಸಲ ಅವಳಿಂದ ಹೇಳಿಸಿ ಎಂದೆ. ಹುಬ್ಬಳ್ಳಿಯಲ್ಲಿ ನನ್ನ ಮೇಜಿನ ಮುಂದೆ ಹೀಗೇ ನಿಲ್ಲುತ್ತಿದ್ದ ತಾಯಂದಿರ ಮುಖಗಳು ನೆನಪಾದವು. ಅವರಿಗೆ ನಾನು ಹೇಳುತ್ತಿದ್ದುದನ್ನೇ ಟೀಚರ್ ನನಗೆ ಹೇಳಿದರು, ಅಂಕ ಆಗಲೇ ಸೇರಿಸಿಯಾಗಿದೆ ಎಂದು.

ಮನೆಗೆ ಹೋಗುವ ಬಸ್ಸಿನಲ್ಲಿ ಮಗಳ ಪಕ್ಕ ಕೂತೆ.

“ಶಾರ್ಕಿಂದು ನಿನಗ ಗೊತ್ತಿತ್ತಲ್ಲ, ಟೀಚರ್ ಕೇಳಿದಾಗ ಯಾಕ ಹೇಳಲಿಲ್ಲ?”

ಮೊದಲು ಜರ್ಮನ್‌ನಲ್ಲಿ ಏನೋ ಗೊಣಗಿದಳು. ನಾನು ನೋಡುತ್ತಲೇ ಇದ್ದುದರಿಂದ ಕನ್ನಡಕ್ಕೆ ಬಂದಳು.

“ನೀ ಬರದ ಹಾಳ್ಯಾಗ ಇರಲಿಲ್ಲಲ್ಲ. ನೀನ ಬ್ಯಾಡ ಅಂದಿದ್ದಿ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಈಗ ಹೇಳ ನನ್ನವ್ವಾ. ನಾ ಕೇಳ್ತೀನಿ.”

ಅವಳು ಬ್ಯಾಗಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗಿಟ್ಟಳು.

“ಮೊದ್ಲ ನೀ ಬರದು ಕೊಡು ಮಮ್ಮಿ. ಆಮ್ಯಾಲೆ ಹೇಳ್ತೀನಿ.”