ಓನ್‌ಸಾಳ ಮನೆ ಸುತ್ತಿದ ನೂಲು

ಐವತ್ತೊಂದು ವರ್ಷದ, ಮಂಡಿನೋವಿನ, ಮುಂದಿನ ಎರಡು ಹಲ್ಲು ಬಿದ್ದ ಹೆಂಗಸೊಬ್ಬಳಿಗೆ ಒಂದು ಊರಿನ ಗಂಡಸರೆಲ್ಲ ಹೆದರುತ್ತಿದ್ದರು ಎಂದರೆ ನೀವು ನಗುತ್ತೀರಿ. ನಗಬೇಡಿ, ನಾನು ಕಣ್ಣಾರೆ ಕಂಡಿದ್ದೇನೆ. ಬಾನ್ ಕುತ್ ವಾನ್ ಊರಿನ ಓನ್‌ಸಾ ಮಗ್ಗದ ಮುಂದೆ ಕೂತು ಸಿನ್ ನೇಯುತ್ತಿದ್ದಳು. ಸೊಂಟಕ್ಕೆ ಸುತ್ತುವ ಆ ಬಟ್ಟೆ ಇಲ್ಲದ ಹೆಂಗಸು ನಮ್ಮ ಕಡೆ ಇಲ್ಲ, ಅದು ಒಣಗುವ ಹಗ್ಗದ ಕೆಳಗೆ ಹಾಯುವ ಗಂಡಸೂ ಇಲ್ಲ. ಹಾಯ್ದರೆ ಕೊರಳಿನ ತಾಯಿತ ಸಾಯುತ್ತದೆ, ಬೆನ್ನಿನ ಹಚ್ಚೆಯ ಮಂತ್ರ ಬರೀ ಮಸಿಯಾಗುತ್ತದೆ. ಓನ್‌ಸಾಳ ಅಂಗಳದಲ್ಲಿ ಸದಾ ಏಳೆಂಟು ಸಿನ್ ಒಣಗುತ್ತಿದ್ದವು. ಅಲ್ಲಿಗೆ ಬಂದಾಗ ಊರಿನ ವೀರರೆಲ್ಲ ಕೆಸರುಗದ್ದೆಗೆ ಇಳಿದು ಸುತ್ತುಹಾಕಿ ಹೋಗುತ್ತಿದ್ದರು.

ಅವಳಿಗೆ ಮೂರು ಮದುವೆಯಾಗಿತ್ತು. ಒಬ್ಬ ತಾಳೆಮರದಿಂದ ಬಿದ್ದ, ಒಬ್ಬನಿಗೆ ಜ್ವರ, ಇನ್ನೊಬ್ಬ ಕುಡಿದು ಕುಡಿದು ಹೋದ. ಅವಳು ಮೂವರಿಗೂ ಅತ್ತಳು, ಊರು ಮಾತ್ರ ಬೆರಳು ಮಡಿಸಿ ಎಣಿಸಿತು.

ಚಿಕ್ಕವಳಿದ್ದಾಗ ವಿಹಾರದ ಗೋಡೆಯ ಚಿತ್ರದ ಮುಂದೆ ಅವಳು ಗಂಟೆಗಟ್ಟಲೆ ನಿಲ್ಲುತ್ತಿದ್ದಳಂತೆ. ಮಾರನ ಸೈನ್ಯ ಬುದ್ಧನ ಮುಂದೆ ಸೋತಿದೆ, ಆನೆಗಳು ಬಿದ್ದಿವೆ. ಆಮೇಲೆ ಮಾರ ಕಳಿಸಿದ್ದು ತನ್ನ ಮೂವರು ಹೆಣ್ಣುಮಕ್ಕಳನ್ನು. ಆನೆ ಕೈಲಾಗದ್ದು ಈ ಹುಡುಗಿಯರ ಕೈಲಿ ಆಗಬಹುದೆಂದು ಆ ಬಣ್ಣ ಬಳಿದವನು ನಿಜವಾಗಿ ನಂಬಿದ್ದನಲ್ಲ ಎಂದು ಅವಳಿಗೆ ಮೈ ಜುಂ ಎನ್ನುತ್ತಿತ್ತು.

ಅವಳಿಗೆ ಐವತ್ತೊಂದಾದ ವರ್ಷ ಬೇಸಿಗೆಯಲ್ಲಿ, ಸಿಂಗಪುರದ ಕಟ್ಟಡ ಕೆಲಸದಿಂದ ಮರಳಿದ್ದ ಪಕ್ಕದೂರಿನ ಗಟ್ಟಿಮುಟ್ಟು ಆಳೊಬ್ಬ ಮಲಗಿದವನು ಏಳಲಿಲ್ಲ. ವಿಧವೆ ದೆವ್ವದ ಕೆಲಸ ಎಂದರು. ಸತ್ತ ವಿಧವೆಯೋ ಬದುಕಿರುವವಳೋ, ತೀರದ ಆಸೆ ಹೊತ್ತು ಬರುತ್ತಾಳೆ, ಮಲಗಿದ ಗಂಡಸಿನ ಎದೆಯ ಮೇಲೆ ಕೂರುತ್ತಾಳೆ. ಮನೆಮನೆಯ ಬಾಗಿಲಿಗೂ ಮೊಣಕಾಲುದ್ದದ ಮರದ ಶಿಶ್ನ ಕೆತ್ತಿ, ತುದಿಗೆ ಕೆಂಪು ಬಳಿದು ತೂಗುಹಾಕಿದರು, ಬಂದವಳು ಅದರಲ್ಲೇ ತೃಪ್ತಿಯಾಗಿ ಹೋಗಲಿ ಎಂದು. ಸಾಲದ್ದಕ್ಕೆ ಗಂಡಸರೆಲ್ಲ ಉಗುರಿಗೆ ಕೆಂಪು ಬಣ್ಣ ಹಚ್ಚಿ, ಸಿನ್ ಉಟ್ಟು, ಹೆಂಗಸರಂತೆ ಮಲಗತೊಡಗಿದರು. ಊರಲ್ಲಿ ಹೆಚ್ಚಿಗೆ ಸಿನ್ ಇದ್ದದ್ದು ಯಾರ ಮನೆಯಲ್ಲಿ?

ಊರ ಮುಖ್ಯಸ್ಥ ಬುನ್‌ಮಾ ಹಗಲಲ್ಲೇ ಬಂದು ತಲೆ ತಗ್ಗಿಸಿ ನಿಂತ. "ಓನ್‌ಸಾ ಅಕ್ಕಾ, ಒಂದು ಸಿನ್ ಇದ್ರೆ ಕೊಡು. ಹೆಂಡ್ತೀದು ಗಿಡ್ಡ ಆಗತ್ತೆ."

"ಯಾವ ಬಣ್ಣ ಕೊಡ್ಲಪ್ಪಾ? ನಿನ್ನ ಮೈಬಣ್ಣಕ್ಕೆ ಹಳದಿ ಚೆನ್ನಾಗಿ ಒಪ್ಪತ್ತೆ."

"ತಮಾಷೆ ಬೇಡ ಅಕ್ಕಾ. ಜೀವದ ಪ್ರಶ್ನೆ."

"ಜೀವ ಉಳೀಲಿ ಬಿಡು. ಅಂಚು ಹರಿದು ತರಬೇಡ, ಅಷ್ಟೇ."

ಎದುರುಮನೆಯ ಮಾಲೈಯೂ ತನ್ನ ಗಂಡ ಪ್ರಸಿತ್‌ಗೆಂದು ಒಂದು ನೀಲಿ ಸಿನ್ ಒಯ್ದಳು. ಅದಾದ ಹತ್ತನೆಯ ಬೆಳಿಗ್ಗೆ ಪ್ರಸಿತ್ ಅದೇ ನೀಲಿ ಸಿನ್‌ನಲ್ಲಿ ಸತ್ತು ಮಲಗಿದ್ದ. ಚಿತೆಯ ಮುಂದೆ ಮಾಲೈ ಓನ್‌ಸಾಳತ್ತ ಕೈ ತೋರಿಸಿದಳು. "ಅವಳೇ. ತನ್ನ ಬಟ್ಟೆ ಗುರುತು ಹಿಡಿದು ಬಂದು ಕರ್ಕೊಂಡು ಹೋದ್ಲು."

ದೆವ್ವವೆಂದು ತೀರ್ಮಾನವಾದವಳ ಮನೆಯನ್ನು ಹಲಗೆ ಹಲಗೆಯಾಗಿ ಕೀಳುತ್ತಾರೆ. ಹೊತ್ತು ಮುಳುಗುವುದರೊಳಗೆ ಅವಳು ಊರು ಬಿಡಬೇಕು, ಮಗ್ಗವನ್ನೂ ಬಿಟ್ಟು. ಓನ್‌ಸಾ ನೀರಿನ ಹಂಡೆಯಲ್ಲಿ ತನ್ನ ಮುಖ ನೋಡಿಕೊಂಡಳು. ಪ್ರಸಿತ್ ಬಾವಿಯ ಬಳಿ ಸ್ನಾನ ಮಾಡುವಾಗ ಅವಳ ಕಣ್ಣು ಒಂದು ಗಳಿಗೆ ಹೆಚ್ಚೇ ನಿಂತಿತ್ತು. ಆಸೆಯಾಗಿತ್ತು, ಸುಳ್ಳೇಕೆ? ಆ ಆಸೆ ತನಗೆ ತಿಳಿಯದಂತೆ ಎದ್ದು ನಡೆದು ಹೋಗಿರಬಹುದೇ? ಈ ಹಳೇ ಮೈಯಲ್ಲಿ ಅಷ್ಟೊಂದು ಇದೆಯೇ? ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು, ಭಯದ ಜೊತೆಗೆ ಎಂಥದೋ ಬೆರಗು.

ಪ್ರಸಿತ್ ಸತ್ತ ಹನ್ನೊಂದನೆಯ ದಿನ ಬೆಳಿಗ್ಗೆ ದೆವ್ವ ಹಿಡಿಯುವ ಖೇನ್ ಬಂದ. ಮನೆ ಸುತ್ತ ಬಿಳಿ ನೂಲು ಸುತ್ತಿದ. ಊರಿನವರು ಸುತ್ತಲೂ ನಿಂತು ಅದನ್ನು ಹಿಡಿಯಬೇಕು, ಮಂತ್ರ ಹೇಳುವಾಗ ನೂಲು ನಡುಗಿದರೆ ದೆವ್ವ ಒಳಗಿದೆ ಎಂದು ಲೆಕ್ಕ.

"ನೂಲು ಹಿಡಿಯೋರ ತಾಯಿತ ಜೀವಂತ ಇರ್ಬೇಕು. ಹೆಂಗಸಿನ ಸಿನ್ ಮೈಗೆ ತಾಗಿದೋರು ಆಚೆ ನಿಲ್ಲಿ," ಎಂದ ಖೇನ್.

ಮೊದಲು ಬುನ್‌ಮಾ ಕೆಮ್ಮುತ್ತ ಪಕ್ಕಕ್ಕೆ ಸರಿದ. ಅವನ ಹಿಂದೆ ಅವನ ತಮ್ಮ. ಆಮೇಲೆ ಕೆಂಪು ಉಗುರುಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಊರಿಗೆ ಊರೇ. ಒಂದು ತಿಂಗಳಿಂದ ದೆವ್ವಕ್ಕೆ ಹೆದರಿ ತಮ್ಮ ತಾಯಿತವನ್ನು ತಾವೇ ಕೊಂದುಕೊಂಡಿದ್ದೇವೆಂದು ಒಬ್ಬ ಗಂಡಸಿಗಾದರೂ ಹೊಳೆದಿರಲಿಲ್ಲ.

"ಇನ್ನೇನು, ನಾವೇ ಹಿಡೀತೀವಿ ಬಿಡಪ್ಪಾ. ನಮ್ಮದು ಕೆಡೋಕೆ ತಾಯಿತಾನೇ ಇಲ್ವಲ್ಲ," ಎಂದಳು ಮುದುಕಿ ಪಾನ್. ಖೇನ್‌ಗೆ ಬೇರೆ ದಾರಿಯಿರಲಿಲ್ಲ. ಹೆಂಗಸರು ಮನೆ ಸುತ್ತ ನಿಂತರು. ನೂಲಿನ ತುದಿ, ಸತ್ತವನ ಹೆಂಡತಿಯೆಂದು, ಮಾಲೈಯ ಕೈಗೆ ಬಂತು. ಓನ್‌ಸಾ ಮೆಟ್ಟಿಲ ಮೇಲೆ, ಅವಳ ಮುಖಕ್ಕೆ ಮುಖ ಕೊಟ್ಟು ಕೂತಿದ್ದಳು.

ಮಂತ್ರ ಶುರುವಾಯಿತು. ನೂಲು ನಡುಗಿತು. ಎಲ್ಲರೂ ನೋಡಿದರು.

"ಅಲ್ಲಾಡ್ತು, ಅಲ್ವೇನಮ್ಮಾ? ನಿನ್ನ ಬಾಯಿಂದಾನೇ ಹೇಳು," ಎಂದ ಖೇನ್.

ಮಾಲೈಗೆ ಮೂವತ್ತಮೂರು ವರ್ಷ. ಗಂಡನ ಚಿತೆ ಆರಿದಂದಿನಿಂದ ಅವಳ ಮನೆ ಮುಂದೆಯೂ ಗಂಡಸರು ಗದ್ದೆಗಿಳಿದು ಹೋಗುತ್ತಿದ್ದರು. ಗೆಳತಿಯರು ತಮ್ಮ ಗಂಡಂದಿರನ್ನು ಅವಳೆದುರು ನಿಲ್ಲಗೊಡುತ್ತಿರಲಿಲ್ಲ. ಅವಳು ನೂಲು ನೋಡಿದಳು, ಓನ್‌ಸಾಳನ್ನು ನೋಡಿದಳು.

"ಅಲ್ಲಾಡಿದ್ದು ನನ್ನ ಕೈ," ಎಂದಳು. "ಇವತ್ತು ಇವಳ ಮನೆ ಕಿತ್ತು ಹಾಕ್ತೀರ. ನಾಳೆ ಈ ನೂಲು ತಂದು ಯಾರ ಮನೆಗೆ ಸುತ್ತೀರ?"

"ನನ್ನ ಕೈನೂ ನಡುಗ್ತು ಕಣೇ," ಎಂದಳು ಪಾನ್. "ನಂದೂ," ಎಂದಳು ಹಿತ್ತಿಲ ಕಡೆಯಿಂದ ಬುನ್‌ಮಾನ ಹೆಂಡತಿ. ನೂಲು ಸುತ್ತಲೂ ನಡುಗತೊಡಗಿತು. ಗಂಡಸರು ಬಾಯಿ ಕಳೆದು ನೋಡುತ್ತಿದ್ದರು. ಖೇನ್ ಜೋಳಿಗೆ ಹೆಗಲಿಗೇರಿಸಿ ಯಾರಿಗೂ ಹೇಳದೆ ಹೊರಟ.

ಹೆಂಗಸರು ಒಬ್ಬೊಬ್ಬರಾಗಿ ನೂಲು ಬಿಟ್ಟರು. ಮಾಲೈ ಮಾತ್ರ ಬಿಡಲಿಲ್ಲ. ಓನ್‌ಸಾ ಮೆಟ್ಟಿಲಿಳಿದು ಬಂದು ಅವಳ ಮುಷ್ಟಿ ಹಿಡಿದುಕೊಂಡಳು. ಬೆರಳು ತೆರೆಯಲಿಲ್ಲ.

"ಬಿಡು ತಂಗಿ. ಮುಗೀತು."

"ಬಿಟ್ರೆ ಬಿದ್ದುಬಿಡ್ತೀನಿ ಅಕ್ಕಾ," ಎಂದಳು ಮಾಲೈ.