ಒಂದೇ ಪಡಸಾಲೆಯ ನಾಲ್ಕು ಅಂಗಡಿಗಳು

ಚಿಗವ್ವನ ಪಡಸಾಲೆಯ ಗೋಡೆ ಆಗ ಹಸಿರಾಗಿತ್ತು ಎಂದು ನನ್ನ ನೆನಪು. ನೀಲಿ ಇತ್ತು ಎನ್ನುತ್ತಾಳೆ ಚಿಗವ್ವ. ಫೋಟೋ ನೋಡಿ ತೀರ್ಮಾನಿಸಬಹುದಿತ್ತು. ಆದರೆ ಅವು ಆಕೆಯ ನೆಟ್ ಅಂಗಡಿಯ ಜೊತೆಗೇ ಹೋದವು, ನನ್ನ ಹಳೆಯ ಫೋನೂ ಈಗಿಲ್ಲ. ಹಾಗಾಗಿ ಇಲ್ಲಿ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿರಬಹುದು, ಒಂದು ಭಾನುವಾರ ಮತ್ತೊಂದರೊಳಗೆ ಸೇರಿಕೊಂಡಿರಬಹುದು. ಗೋಡೆಯ ಬಣ್ಣವನ್ನೇ ಖಚಿತವಾಗಿ ಹೇಳಲಾರದವಳು ಮನುಷ್ಯರ ಮನಸ್ಸನ್ನು ಎಷ್ಟು ಸರಿಯಾಗಿ ಹೇಳಿಯಾಳು ಎಂಬ ಅನುಮಾನ ನನಗೂ ಇದೆ.

ಚಿಗವ್ವ, ಅಂದರೆ ನನ್ನ ಅವ್ವನ ತಂಗಿ, ಇರುವುದು ಕುಬಿಹಾಳದಲ್ಲಿ. ಕುಂದಗೋಳದಲ್ಲಿ ಪಾಠ ಹೇಳುವ ನಾನು ಭಾನುವಾರ ಬಸ್ಸು ಹಿಡಿದು ಆಕೆಯ ಮನೆಗೆ ಹೋಗುವುದು ರೂಢಿ. ಊಟವಾದ ಮೇಲೆ ಅಲ್ಲಿ ಕೌದಿ ಹೊಲಿಯಲು ಹೆಂಗಸರು ಸೇರುತ್ತಾರೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಬದಿಗೆ ನಾಲ್ವರು ಕೂತು, ಅಂಚಿನಿಂದ ನಡುವಿಗೆ ಹೊಲಿಯುತ್ತ ಬರುತ್ತಾರೆ. ಬಟ್ಟೆ ಯಾರ ಮನೆಯದೋ ಕೌದಿ ಅವರದು. ಅವತ್ತಿನ ಚಹಾ, ಚುರಮುರಿಯೂ ಅವರದೇ. ಒಂದು ಬದಿಗೆ ಚಿಗವ್ವ, ಒಂದು ಬದಿಗೆ ಬಾಜೂ ಮನೆಯ ಆಯಿ, ಉಳಿದೆರಡು ಬದಿಗೆ ಹಿಂದಿನ ಓಣಿಯಲ್ಲಿ ಕುರಿ ಸಾಕುವವರ ಮನೆಯ ಸೊಸೆ ಮತ್ತು ಅವಳ ನಾದಿನಿ. ಆಯಿಯ ಕಣ್ಣು ಮಂಜು. ಅವಳ ಸೂಜಿಗೆ ದಾರ ಪೋಣಿಸಿಕೊಡುವುದು ಚಿಗವ್ವನ ಕೆಲಸ.

ಕೈಕೆಲಸದ ಸಾಮಾನು ಮಾರುವ ಒಂದು ಜಾಲತಾಣದಲ್ಲಿ ಅವರ ಅಂಗಡಿಗಳನ್ನು ತೆರೆದುಕೊಟ್ಟವಳು ನಾನು. ಕೌದಿ ಬೇರೆ ಬೇರೆ ಅಂದ ಮೇಲೆ ಅಂಗಡಿಯೂ ಬೇರೆ ಬೇರೆಯೇ ಬೇಕಿತ್ತು. ಕಲಿಯಲೆಂದು ಮೊದಲು ಆಯಿಯದು ತೆರೆದೆ, ಆಮೇಲೆ ಉಳಿದವರದು. ಚಿಗವ್ವನ ಮನೆಯಲ್ಲೇ ಇಟ್ಟಿದ್ದ ನನ್ನ ಹಳೆಯ ಲ್ಯಾಪ್‌ಟಾಪು, ಆಕೆಯ ಗಂಡ, ಅಂದರೆ ಕಾಕಾ, ಕ್ರಿಕೆಟ್ ನೋಡಲೆಂದು ಹಾಕಿಸಿದ ವೈಫೈ, ಇವೆರಡರಿಂದಲೇ ನಾಲ್ಕೂ ಅಂಗಡಿ ನಡೆದವು. ಫೋಟೋಗೆ ಎಲ್ಲರೂ ಸರದಿಯ ಮೇಲೆ ಚಿಗವ್ವನ ಒಂದೇ ಇಳಕಲ್ ಸೀರೆ ಉಟ್ಟರು. ಒಳ್ಳೆಯ ಕೆಲಸವಿದ್ದಾಗ ಆ ಸೀರೆ ಓಣಿಯಲ್ಲಿ ಹಾಗೆ ಓಡಾಡುತ್ತಿತ್ತು.

"ಅಕ್ಕಾರ, ನಿಮ್ಮ ಸೀರಿ ಉಟ್ಟು ನಾನೂ ಗೌಡತಿ ಆದ್ನೆಲ್ರಿ," ಎಂದಳು ಸೊಸೆ.

"ಹಂಗ ಮನೀಗಿ ಹೋಗಬ್ಯಾಡ ಬೇ, ನಿನ್ನ ಕುರಿ ಗುರ್ತ ಹಿಡಿಯೂದಿಲ್ಲ," ಎಂದಳು ಆಯಿ.

ಚಿಗವ್ವನ ಅಂಗಡಿಯ ಮೇಲೆ ಆಕೆಯ ಹೆಸರೊಂದೇ ಇತ್ತು. ಆ ಮನೆಯಲ್ಲಿ ಬೇರೆ ಯಾವುದರ ಮೇಲೂ ಹಾಗಿರಲಿಲ್ಲ. ಪುಣೆಯ ಒಬ್ಬ ತಾಯಿ ಅವಳಿಂದ ಸಣ್ಣದೊಂದು ಕೌದಿ ಕೊಂಡು, ತನ್ನ ಕೂಸು ಅದರ ಮೂಲೆ ಹಿಡಿದುಕೊಂಡರೆ ಮಾತ್ರ ಮಲಗುತ್ತದೆ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಿದ್ದಳು. ಪ್ರತಿ ಭಾನುವಾರ ನಾನು ಅದನ್ನು ಕನ್ನಡ ಮಾಡಿ ಓದಬೇಕು. "ಇನ್ನೊಮ್ಮೆ ಓದು. ಸಾವಕಾಶ ಓದು," ಎನ್ನುತ್ತಿದ್ದಳು ಚಿಗವ್ವ.

ಒಂದು ದಿನ ನಾಲ್ಕೂ ಅಂಗಡಿಗಳಿಗೆ ಬೀಗ ಬಿದ್ದಿತ್ತು. ಒಬ್ಬರಿಗೆ ಒಂದೇ ಅಂಗಡಿ ಎಂಬುದು ನಿಯಮ, ಇವನ್ನೆಲ್ಲ ನಡೆಸುತ್ತಿರುವವರು ಒಬ್ಬರೇ ಎಂದು ತೋರುತ್ತದೆ ಎಂದು ತಾಣದವರು ಬರೆದಿದ್ದರು.

"ನಾಲ್ಕ ಮಂದಿ ಕುಂತೀವಲ್ಲ, ಅವರಿಗೆ ಕಣ್ಣಿಲ್ಲೇನ?" ಎಂದಳು ಆಯಿ.

ಕಣ್ಣಿತ್ತು, ಅದು ನೋಡುವ ರೀತಿ ಬೇರೆ. ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ನಾನು ಬ್ರೌಸರಿನಲ್ಲಿ ಉಳಿದದ್ದನ್ನೆಲ್ಲ ಅಳಿಸುತ್ತಿದ್ದೆ, ಅಷ್ಟು ಸಾಕೆಂದುಕೊಂಡಿದ್ದೆ. ಆದರೆ ಪರದೆಯ ಅಳತೆ, ಗಡಿಯಾರ, ಒಳಗಿರುವ ಫಾಂಟುಗಳು, ಚಿತ್ರ ಮೂಡಿಸುವ ರೀತಿ, ಇಂಥ ಸಣ್ಣಪುಟ್ಟವನ್ನು ಕೂಡಿಸಿದರೆ ಬ್ರೌಸರಿಗೂ ಒಂದು ಬೆರಳಚ್ಚು ಸಿಗುತ್ತದಂತೆ. ಪ್ರಶ್ನೆಪತ್ರಿಕೆಗಳಿಗಾಗಿ ರಾಶಿ ಕನ್ನಡ ಫಾಂಟುಗಳನ್ನು ತುಂಬಿಕೊಂಡಿದ್ದ ನನ್ನ ಮುದಿ ಲ್ಯಾಪ್‌ಟಾಪಿನಂಥದು ಇನ್ನೊಂದು ಎಲ್ಲಿ ಸಿಕ್ಕೀತು? ಮೇಲಾಗಿ ನಾಲ್ವರೂ ಒಂದೇ ಮನೆಯ ನೆಟ್ ವಿಳಾಸದಿಂದ ಬರುತ್ತಿದ್ದರು. ಅದೂ ಸಾಲದೆ ಒಂದೇ ಸೀರೆ.

ಹುಬ್ಬಳ್ಳಿಯಲ್ಲಿ ನೆಟ್ ವ್ಯಾಪಾರ ಮಾಡುವ ನನ್ನ ಸಹಪಾಠಿಯೊಬ್ಬ ಉಪಾಯ ಹೇಳಿದ. ಒಂದೊಂದು ಖಾತೆಗೆ ಒಂದೊಂದು ಬ್ರೌಸರ್ ಮುಖ ತೊಡಿಸುವ ಸಾಫ್ಟ್‌ವೇರ್ ಇದೆ. ಜನ ವಾಸಿಸುವ ಮನೆಗಳ ಐಪಿ ವಿಳಾಸಗಳೂ ಬಾಡಿಗೆಗೆ ಸಿಗುತ್ತವೆ; ನಮ್ಮ ನೆಟ್ ಆ ಮನೆಯ ಮೂಲಕ ಹಾದುಹೋದರೆ ನಾವು ಅಲ್ಲೇ ಕೂತಿದ್ದೇವೆ ಎಂದು ತಾಣ ನಂಬುತ್ತದೆ. ನಾನು ಇದನ್ನು ಚಿಗವ್ವನಿಗೆ ವಿವರಿಸಿದೆ.

"ಆ ಮನಿಯವರಿಗೆ ಗೊತ್ತಿರತೈತೇನ, ನಾವು ಬಂದು ಕುಂತದ್ದು?"

"ಕೆಲವರಿಗೆ ಗೊತ್ತಿರತೈತಿ. ಕೆಲವರಿಗೆ ಇರೂದಿಲ್ಲ."

"ಹೇಳದ ಕೇಳದ ಮಂದಿ ಮನಿ ಹೊಗೂದ? ಒಂದ ಕಪ್ ಚಾ ಸೈತ ಕೊಡೂದಿಲ್ಲ ಅವರು. ಬ್ಯಾಡ ಬಿಡ."

ನನಗೆ ಆಸೆಯಾಗಿತ್ತು. ನಿಜವಾಗಿಯೂ ಬೇರೆ ಬೇರೆ ಇದ್ದವರನ್ನು ಬೇರೆ ಎಂದು ತೋರಿಸಲು ಯಾರದೋ ಮನೆ ಬಾಡಿಗೆ ತರುವುದು ಅಂಥ ದೊಡ್ಡ ಸುಳ್ಳೇ ಎಂದು ನನ್ನಷ್ಟಕ್ಕೆ ವಾದ ಮಾಡಿಕೊಂಡೆ. ಕೊನೆಗೆ ತಾಣದವರಿಗೆ ಇದ್ದದ್ದನ್ನು ಇದ್ದಂತೆ ಬರೆದೆ. ಅವರು ಬೀಗ ತೆಗೆಯಲು ಒಪ್ಪಿದರು, ಆದರೆ ಶರತ್ತಿನ ಮೇಲೆ: ಕೆಲವು ವಾರ ಒಬ್ಬೊಬ್ಬರೂ ತಮ್ಮ ಮನೆಯಿಂದ, ತಮ್ಮ ಫೋನು, ತಮ್ಮ ಸಿಮ್ ಬಳಸಬೇಕು, ಆಮೇಲೆ ಗೊತ್ತುಮಾಡಿದ ದಿನ ವಿಡಿಯೋದಲ್ಲಿ ಮುಖ ತೋರಿಸಬೇಕು. "ನಿನ್ನ ವೈಫೈ ಯಾರಿಗೂ ಕೊಡಬ್ಯಾಡ, ಚಿಗವ್ವ. ಕೊಟ್ರ ನಿನ್ನ ಅಂಗಡೀನೂ ಹೋಗತೈತಿ, ಕೂಸಿಂದು ಬರದದ್ದೂ ಹೋಗತೈತಿ," ಎಂದು ಖಡಕ್ಕಾಗಿ ಹೇಳಿದೆ.

ಹೆಂಗಸರು ಎಷ್ಟು ಜಾಗ್ರತೆ ವಹಿಸಿದರೆಂದರೆ, ಬರುವುದನ್ನೇ ಬಿಟ್ಟರು. ಫೋನ್ ಮನೆಯಲ್ಲಿಟ್ಟು ಬಂದರಾಯಿತು ಎಂದರೆ ಸೊಸೆ ಕೇಳಲಿಲ್ಲ. "ಬ್ಯಾಡ್ರಿ, ನನ್ನಿಂದ ಅಕ್ಕಾರ ಅಂಗಡಿಗೆ ತ್ರಾಸ ಆಗೂದ ಬ್ಯಾಡ," ಎಂದಳು. ಅರ್ಧ ಹೊಲಿದ ಕೌದಿಯ ಒಂದು ಬದಿ ಮುಗಿಸಿ, ಎದ್ದು, ಇನ್ನೊಂದು ಬದಿಗೆ ಹೋಗಿ ಕೂರುತ್ತಿದ್ದಳು ಚಿಗವ್ವ. ಚುರಮುರಿ ಹಚ್ಚಿದರೆ ಉಳಿಯುತ್ತಿತ್ತು. ಆಯಿ ಮಾತ್ರ ಹಿತ್ತಿಲ ಗೋಡೆಯಾಚೆಯಿಂದ ಅರಿವೆಯ ತುಂಡಿಗೆ ಚುಚ್ಚಿದ ಸೂಜಿ ಚಾಚುತ್ತಿದ್ದಳು.

"ನಿನ್ನ ನೆಟ್ ಮುಟ್ಟೂದಿಲ್ಲ ಬೇ, ದಾರ ಅಷ್ಟ ಪೋಣಿಸಿ ಕೊಡ."

"ಆಚೀಕ ನಿಲ್ಲು. ಈಚೀಕ ಕೈ ಬಂದ್ರ ನಿನ್ನ ಅಂಗಡಿಗೆ ಬೀಗ."

ಇಬ್ಬರೂ ನಕ್ಕರು. ಆಯಿ ಒಳಗೆ ಹೋದ ಮೇಲೂ ಚಿಗವ್ವ ಗೋಡೆಯ ಹತ್ತಿರವೇ ಸ್ವಲ್ಪ ಹೊತ್ತು ನಿಂತಿದ್ದಳು. ಇದನ್ನು ನಾನು ಕಂಡಿದ್ದೇನೆ. ಇದರಲ್ಲಿ ನನ್ನ ನೆನಪು ತಪ್ಪಿಲ್ಲ.

ವಿಡಿಯೋ ದಿನ ನನಗೆ ಕ್ಲಾಸುಗಳಿದ್ದವು. ಮುಗಿಸಿಕೊಂಡು ಕುಬಿಹಾಳಕ್ಕೆ ಹೋದಾಗ ಅಂಗಳದಲ್ಲೇ ನಗು ಕೇಳಿಸಿತು. ಒಳಗೆ ಕೌದಿಯ ನಾಲ್ಕು ಬದಿಗೂ ನಾಲ್ವರು ಕೂತಿದ್ದರು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಫೋನುಗಳು ಸಾಲಾಗಿದ್ದವು.

"ವಿಡಿಯೋ ಆತೇನ್ರಿ? ಎಲ್ಲಿ ಕುಂತು ಮಾಡಿದ್ರಿ?" ಎಂದೆ.

ಸೊಸೆ ಸೂಜಿ ಎಳೆಯುತ್ತಲೇ ಹೇಳಿದಳು. "ಇಲ್ಲೇರಿ. ನಮ್ಮನ್ಯಾಗ ನೆಟ್ ನಿಂತ ನಿಂತ ಬರಾಕತ್ತಿತ್ತು. ಇಲ್ಲೇ ಬರ್ರಿ ಅಂದ್ರು ಅಕ್ಕಾರ. ವೈಫೈನೂ ಅವರ ಹಾಕಿ ಕೊಟ್ರು."

"ನನಗ ವಿಡಿಯೋದಾಗಿನ ಆ ಹುಡುಗಿ ಕೂಡ ಮಾತಾಡಾಕ ಅಂಜಿಕಿ," ಎಂದಳು ಆಯಿ. "ಬಾಜೂಕ ನಿನ್ನ ಚಿಗವ್ವ ಕುಂತ್ಲು, ಅಗದಿ ಛಲೋ ಆತು. ನಡುವ ಸೆರಗ ಸೈತ ಸರಿ ಮಾಡಿದ್ಲು."

ವಿಡಿಯೋದ ಆಚೆಗಿದ್ದ ಹುಡುಗಿ ನಾಲ್ಕು ಸಲವೂ ಅದೇ ಗೋಡೆ, ಅದೇ ಕೌದಿ ನೋಡಿರಬೇಕು. ಆಯಿಯ ಸೆರಗು ಸರಿಪಡಿಸಲು ಪಕ್ಕದಿಂದ ಬಂದ ಕೈಯನ್ನೂ ನೋಡಿರಬೇಕು. ಸ್ವಲ್ಪ ದಿನದಲ್ಲಿ ಉತ್ತರ ಬಂತು. ಒಂದೇ ಖಾತೆ ಉಳಿಯುತ್ತದೆ, ಎಲ್ಲಕ್ಕಿಂತ ಹಳೆಯದು. ಅದು ಆಯಿಯದು.

ನಾನು ಅಳುವಂತಾದೆ. ಚಿಗವ್ವ ಸುಮ್ಮನೆ ಕೇಳಿಸಿಕೊಂಡು, "ಆ ಕೂಸಿಂದು ಬರದದ್ದು ನಿನ್ನ ಕಡೆ ಎಲ್ಲೂ ಇಲ್ಲೇನ?" ಎಂದಳು. ಇಲ್ಲ ಎಂದೆ. ನೆನಪಿದ್ದಷ್ಟು ಹೇಳಿದೆ. "ಎಡಗೈಲೆ," ಎಂದು ಸೇರಿಸಿದಳು. "ಎಡಗೈಲೆ ಮೂಲಿ ಹಿಡಕೊಂಡು ಮಲಗತೈತಿ." ಎಡಗೈ ಎಂದು ಆ ತಾಯಿ ಬರೆದಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ನಾನೂ ಎಡಗೈ ಎಂದೇ ಹೇಳುತ್ತೇನೆ.

ಈಗ ನಾಲ್ವರ ಕೌದಿಗಳೂ ಆಯಿಯ ಹೆಸರಿನಲ್ಲೇ ಹೋಗುತ್ತವೆ. ಭಾನುವಾರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಿಡಿಯೋ ದಿನ ಬಸ್ಸಿಳಿದಾಗ ಊರೊಳಗೆ ನನ್ನ ಫೋನಿಗೆ ನೆಟ್ ಚೆನ್ನಾಗಿಯೇ ಸಿಕ್ಕಿತ್ತು ಎಂಬುದು ಮಾತ್ರ ಆಗಾಗ ನೆನಪಾಗುತ್ತದೆ. ಅದು ಬೇರೆ ದಿನವೂ ಇರಬಹುದು. ಹೋದ ಭಾನುವಾರ ಎಲ್ಲರೂ ಎದ್ದು ಹೋದ ಮೇಲೆ, ಚಿಗವ್ವ ಆಯಿಯ ಸೂಜಿಗಳಿಗೆಲ್ಲ ನಾಳೆಗೆಂದು ದಾರ ಪೋಣಿಸಿಡುತ್ತಿದ್ದಾಗ, ಕೇಳಿಯೇಬಿಟ್ಟೆ. ಆಕೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಸೂಜಿಯನ್ನು ಬೆಳಕಿಗೆ ಹಿಡಿದಳು. ನಾನು ಕೇಳಿದ್ದು ಇಷ್ಟೇ:

"ಚಿಗವ್ವ, ಅವತ್ತ ಅವರನ್ನ ನೀ ಮರತ ಕರದ್ಯೋ, ಬೇಕಂತನ ಕರದ್ಯೋ?"